ಘಟ್ಟ ದಾಟುವ ಮುನ್ನ

ಬಾಗಲಕೋಟೆ ಜಿಲ್ಲೆಯ ಶಿರೂರಿನಲ್ಲಿ ನಿಂತು ಸುತ್ತ ಕಣ್ಣು ಹಾಯಿಸಿದರೆ ಕಾಣುವುದು ಜೋಳದ ಹೊಲ, ಬೇವಿನ ಮರ, ಬಿಸಿಲಿಗೆ ಬೆಂದ ಗುಡ್ಡ. ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಕಾಣುವ ಈ ನಾಡಿನವರಿಗೆ ಮಂಜು ಮುಸುಕಿದ ಕಣಿವೆ, ದಟ್ಟವಾದ ಕಾಡು, ಬಂಡೆಯಿಂದ ಧುಮ್ಮಿಕ್ಕುವ ನೀರು ಎಂದೊಡನೆ ಮನಸ್ಸು ಹಾತೊರೆಯುವುದು ಸಹಜವೇ. 2024ರ ಜುಲೈ ತಿಂಗಳ ಮೊದಲ ವಾರ ಅಲ್ಲಿಯ ಒಂದು ಮನೆಯಲ್ಲಿ ಸಂಜೆಯ ಜಪಸರ ಪ್ರಾರ್ಥನೆ ಮುಗಿದ ಮೇಲೆ ನಾಲ್ಕು ಕುಟುಂಬಗಳವರು ಕುಳಿತು ಒಂದು ಪ್ರಯಾಣದ ಯೋಜನೆ ಹಾಕತೊಡಗಿದರು. ಹಳೆಗೋವೆಗೆ ಹೋಗಿ ಬರಬೇಕು. ಆದರೆ ರೈಲಿನಲ್ಲಿ ಅಲ್ಲ, ಬಾಡಿಗೆಯ ಕ್ರೂಸರ್ ಗಾಡಿಯಲ್ಲಿ, ಘಟ್ಟದ ಸೊಬಗನ್ನು ಕಣ್ತುಂಬ ನೋಡುತ್ತಾ ಹೋಗಬೇಕು ಎಂಬುದು ಅವರ ಇಚ್ಛೆ. ಅಂದು ಆರಂಭವಾದ ಮಾತು ಮುಗಿದದ್ದು ಡಿಸೆಂಬರಿನಲ್ಲಿ. ಆ ನಡುವೆ ನಮ್ಮೆದುರು ಎದ್ದು ನಿಂತ ಒಂದು ಪ್ರಶ್ನೆಯನ್ನು ಈ ಪುಟಗಳ ಓದುಗರ ಮುಂದಿಡುವುದು ಈ ಬರಹದ ಉದ್ದೇಶ.

ಹುಬ್ಬಳ್ಳಿ, ಬೆಳಗಾವಿಗಳಿಂದ ಪಣಜಿಗೆ ಸಹ್ಯಾದ್ರಿಯನ್ನು ದಾಟುವ ದಾರಿಗಳಲ್ಲಿ ಮೂರು ನಮಗೆ ಪರಿಚಿತ. ಮೊದಲನೆಯದು, ಬೆಳಗಾವಿಯಿಂದ ಜಾಂಬೋಟಿ, ಕಣಕುಂಬಿಗಳ ಮೇಲೆ ಚೋರ್ಲಾ ಘಟ್ಟವನ್ನಿಳಿದು ಸಾಖಳಿಯ ಮೂಲಕ ಹೋಗುವುದು. ಎರಡನೆಯದು, ಲೋಂಡಾ ಮಾರ್ಗವಾಗಿ ಅನಮೋಡ ಘಟ್ಟವನ್ನಿಳಿದು ಮೊಲ್ಲೆಮ್ ಸೇರುವುದು. ಮೂರನೆಯದು ಸುತ್ತಿನ ದಾರಿ: ಹುಬ್ಬಳ್ಳಿಯಿಂದ ಯಲ್ಲಾಪುರಕ್ಕೆ ಬಂದು, ಅರಬೈಲ್ ಘಟ್ಟವನ್ನಿಳಿದು, ಅಂಕೋಲೆ ಸೇರಿ, ಕಾರವಾರದ ಮೇಲೆ ಕಡಲ ದಂಡೆಯುದ್ದಕ್ಕೂ ಉತ್ತರಕ್ಕೆ ಸಾಗುವುದು. ಪದವಿ ಓದುತ್ತಿದ್ದ ತರುಣನೊಬ್ಬ ಮೊಬೈಲಿನಲ್ಲಿ ನಕ್ಷೆಯನ್ನು ಬಿಡಿಸಿ, ಹೋಗುವಾಗ ಅರಬೈಲ್, ಬರುವಾಗ ಚೋರ್ಲಾ ಎಂದು ತೀರ್ಮಾನಿಸಿಬಿಟ್ಟ. ಅಂಕೋಲೆಯಿಂದ ದಕ್ಷಿಣಕ್ಕೆ ಕೆಲವೇ ಕಿಲೋಮೀಟರ್ ಹೋದರೆ ಅಲ್ಲಿಯೂ ಒಂದು ಶಿರೂರು ಇದೆ ಎಂಬುದು ಅವನಿಗೆ ದೊಡ್ಡ ಸಂಭ್ರಮ. ನಮ್ಮ ಊರ ಹೆಸರಿನ ಊರನ್ನೂ ನೋಡಿ ಬರೋಣ ಎಂದ. ನಾನು, ನವೆಂಬರಿನಲ್ಲಿ ಸಂತ ಫ್ರಾನ್ಸಿಸ್ ಜೇವಿಯರರ ಪವಿತ್ರ ಶರೀರದ ಸಾರ್ವಜನಿಕ ದರ್ಶನ ಆರಂಭವಾಗಲಿದೆ, ಆಗ ಹೋಗಬಹುದಲ್ಲಾ ಎಂದೆ. "ಫಾದರ್, ಘಟ್ಟ ಅಂದ್ರ ಮಳಿಗಾಲದಾಗ ನೋಡಬೇಕ್ರೀ. ಮಳಿ ನಿಂತ ಮ್ಯಾಲ ಅಲ್ಲೇನೈತಿ?" ಎಂಬುದು ಅವನ ಉತ್ತರ. ಜುಲೈ ಕೊನೆಯ ವಾರವೆಂದು ಗೊತ್ತಾಯಿತು.

ಮೂಲೆಯಲ್ಲಿ ಕುಳಿತಿದ್ದ ಒಬ್ಬ ತಾಯಿ ಅದುವರೆಗೂ ಮಾತಾಡಿರಲಿಲ್ಲ. ಆಕೆಯ ಮಗ ಇಳಕಲ್ ಕಡೆಯ ಗ್ರಾನೈಟ್ ಕಲ್ಲನ್ನು ಕರಾವಳಿಯ ಬಂದರಿಗೆ ಸಾಗಿಸುವ ಲಾರಿಯ ಚಾಲಕ. ನೀವೇನಂತೀರಿ ಎಂದು ಕೇಳಿದಾಗ ಆಕೆ ಹೇಳಿದ್ದು ಇಷ್ಟೇ: "ನನ್ನ ಮಗ ವಾರಕ್ಕೊಮ್ಮಿ ಆ ಘಟ್ಟ ಇಳೀತಾನ್ರೀ. ಚಂದ ಐತಿ ಅಂತ ಒಮ್ಮಿನೂ ಅಂದಿಲ್ಲ."

ಎಲ್ಲರೂ ನಕ್ಕರು, ನಾನೂ ನಕ್ಕೆ. ಆ ಮಾತಿನ ಭಾರ ತಿಳಿದದ್ದು ಹತ್ತು ದಿನಗಳ ಮೇಲೆ.

ಜುಲೈ 16ರ ಮಂಗಳವಾರ ಬೆಳಿಗ್ಗೆ ಅಂಕೋಲಾ ತಾಲೂಕಿನ ಆ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮಗ್ಗುಲಿಗಿದ್ದ ಗುಡ್ಡ ಜರಿದು ಬಿತ್ತು. ರಸ್ತೆಯ ಪಕ್ಕದಲ್ಲಿ ಚಹಾದಂಗಡಿ ನಡೆಸಿ ಬದುಕುತ್ತಿದ್ದ ಒಂದು ಕುಟುಂಬ, ಅಲ್ಲಿ ಲಾರಿ ನಿಲ್ಲಿಸಿ ವಿಶ್ರಮಿಸುತ್ತಿದ್ದ ಚಾಲಕರು, ಎಲ್ಲರ ಮೇಲೂ ಮಣ್ಣು ಕುಸಿಯಿತು. ಅನಿಲ ತುಂಬಿದ ಟ್ಯಾಂಕರೊಂದು ಗಂಗಾವಳಿ ನದಿಯ ಪಾಲಾಯಿತು. ನದಿಗೆ ಬಿದ್ದ ಮಣ್ಣಿನ ರಭಸಕ್ಕೆ ಉಕ್ಕಿದ ನೀರು ಎದುರು ದಂಡೆಯ ಉಳುವರೆ ಗ್ರಾಮದ ಮನೆಗಳನ್ನು ಕೆಡವಿತು. ಒಟ್ಟು ಹನ್ನೊಂದು ಮಂದಿ ಜೀವ ತೆತ್ತರು. ಮರದ ದಿಮ್ಮಿ ಹೇರಿಕೊಂಡು ಹೊರಟಿದ್ದ ಕೇರಳದ ಚಾಲಕನೊಬ್ಬನ ದೇಹ, ಅವನ ಲಾರಿಯೊಳಗೆ, ನದಿಯ ತಳದಲ್ಲಿ ಸಿಕ್ಕಿದ್ದು ಸೆಪ್ಟೆಂಬರ್ 25ರಂದು, ಎಪ್ಪತ್ತೊಂದು ದಿನಗಳ ಅನಂತರ.

ಅಂದು ನಮ್ಮ ಶಿರೂರಿನ ಮನೆಗಳಲ್ಲಿ ದಿನವಿಡೀ ಫೋನು ಬಡಿದವು. ಮುಂಬಯಿ, ಪುಣೆ, ಬೆಂಗಳೂರುಗಳಲ್ಲಿರುವ ಬಂಧುಗಳು 'ಶಿರೂರಿನಲ್ಲಿ ಗುಡ್ಡ ಕುಸಿಯಿತಂತೆ' ಎಂದು ಗಾಬರಿಯಿಂದ ವಿಚಾರಿಸಿದರು. ಅದು ನಮ್ಮೂರಲ್ಲ ಎಂದು ಹೇಳಿ ಎಲ್ಲರೂ ಸಮಾಧಾನಪಟ್ಟರು. ಆದರೆ ಆ ತಾಯಿಗೆ ಅಂಥ ಸಮಾಧಾನ ಸುಲಭವಾಗಿರಲಿಲ್ಲ. ಆಕೆಗೆ ಯಾವ ಶಿರೂರು ಎಂಬುದಕ್ಕಿಂತ ಮಗ ಯಾವ ರಸ್ತೆಯಲ್ಲಿದ್ದಾನೆ ಎಂಬುದು ಮುಖ್ಯ. ಮಧ್ಯಾಹ್ನದ ಹೊತ್ತಿಗೆ ಅವನು ಬೇರೊಂದು ಘಟ್ಟದ ಮೇಲಿನಿಂದ ಮಾತಾಡಿದ. ಪ್ರಯಾಣದ ಯೋಜನೆ ಅಲ್ಲಿಗೆ ನಿಂತಿತು.

ಯೋಜನೆ ನಿಂತಿತೇ ಹೊರತು ಪ್ರಶ್ನೆ ನಿಲ್ಲಲಿಲ್ಲ. ಅನ್ಯರು ದುಡಿಯುವ, ಕೆಲವೊಮ್ಮೆ ಸಾಯುವ ದಾರಿಯಲ್ಲಿ ನಾವು ಸಂತೋಷಕ್ಕಾಗಿ ಹೋಗುವುದು ಸರಿಯೇ? ನಾವು 'ರಮಣೀಯ ದೃಶ್ಯ' ಎಂದು ಕರೆಯುವುದು ನಿಜವಾಗಿ ಏನು?

ಸೆಮಿನರಿಯಲ್ಲಿ ತತ್ವಶಾಸ್ತ್ರ ಓದುವಾಗ ಜರ್ಮನಿಯ ಕಾಂಟನ ವಿಚಾರವೊಂದನ್ನು ಕಲಿತಿದ್ದೆವು. 1790ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಅವನು ಭವ್ಯತೆಯ ಅನುಭವವನ್ನು ವಿವೇಚಿಸುತ್ತಾನೆ. ತಲೆಯ ಮೇಲೆ ಬಾಗಿ ನಿಂತ ಬಂಡೆ, ಗುಡುಗುವ ಮೋಡ, ಉಕ್ಕುವ ಕಡಲು ಇವು ಭಯಂಕರವಾದರೂ ನಮ್ಮನ್ನು ಸೆಳೆಯುತ್ತವೆ. ಆದರೆ ನೋಡುವವನು ಸುರಕ್ಷಿತವಾದ ಸ್ಥಳದಲ್ಲಿದ್ದರೆ ಮಾತ್ರ ಎಂಬುದು ಅವನ ಅಭಿಪ್ರಾಯದ ಸಾರ. ಬಹು ಸೂಕ್ಷ್ಮವಾದ ಮಾತು. ಆದರೆ ಅಂದು ಪರೀಕ್ಷೆಗೆ ಓದಿದ ನಾನು ಒಂದು ಪ್ರಶ್ನೆಯನ್ನು ಕೇಳಿಕೊಂಡಿರಲಿಲ್ಲ: ನೋಡುವವನು ಸುರಕ್ಷಿತ, ಸರಿ, ಆ ಬಂಡೆಯ ಕೆಳಗೆ ಮನೆ ಮಾಡಿಕೊಂಡಿರುವವನು? ಕಿಟಕಿಯ ಗಾಜಿನಾಚೆ ನಮಗೆ ಭವ್ಯವಾಗಿ ಕಂಡ ಇಳಿಜಾರು, ಅದರ ಬುಡದಲ್ಲಿ ಚಹಾ ಕುದಿಸುವ ತಾಯಿಗೆ ಹಿತ್ತಲಗೋಡೆ. ನಮ್ಮ ಭವ್ಯತೆಯೂ ಆಕೆಯ ಅಪಾಯವೂ ಒಂದೇ ಗುಡ್ಡದಲ್ಲಿವೆ.

ಅಷ್ಟೇ ಅಲ್ಲ, ಆ ಅಪಾಯದಲ್ಲಿ ನಮ್ಮ ಪಾಲೂ ಇದೆ. ಕರಾವಳಿಯ ಗುಡ್ಡಗಳಲ್ಲಿ ಜಂಬಿಟ್ಟಿಗೆ ಕಲ್ಲು, ಅದರ ಕೆಳಗೆ ಮೆತ್ತನೆಯ ಜೇಡಿಮಣ್ಣು. ಮೇಲೆ ಮರಗಳ ಬೇರು ಅದನ್ನು ಹಿಡಿದಿಟ್ಟಿರುತ್ತದೆ. ರಸ್ತೆಯನ್ನು ಅಗಲಗೊಳಿಸಲು ಗುಡ್ಡದ ಬುಡವನ್ನು ಕಡಿದಾಗಿ ಕತ್ತರಿಸಿದರೆ ಮೇಲಿನ ಭಾರಕ್ಕೆ ಆಸರೆ ತಪ್ಪುತ್ತದೆ. ಮಳೆ ನೀರು ಇಂಗಿ, ಹೊರಹೋಗಲು ದಾರಿಯಿಲ್ಲದೆ ಒಳಗೇ ಒತ್ತಡ ಹೆಚ್ಚಿದಾಗ ಮಣ್ಣು ಸಡಿಲಗೊಂಡು ಜಾರುತ್ತದೆ. ಆ ಶಿರೂರಿನ ಗುಡ್ಡವೂ ಚತುಷ್ಪಥ ಹೆದ್ದಾರಿಗಾಗಿ ಕಡಿದ ಗುಡ್ಡವೇ. ಚತುಷ್ಪಥ ಯಾರಿಗೆ ಬೇಕು? ಬೇಗ ತಲುಪಬೇಕೆನ್ನುವ ನಮಗೆಲ್ಲ ಬೇಕು. ಗಂಟೆಗೆ ನಲವತ್ತು ಕಿಲೋಮೀಟರ್ ವೇಗದಲ್ಲಿ ಹೋಗಬೇಕಾದಾಗ ಗೊಣಗಿದವರಲ್ಲಿ ನಾನೂ ಒಬ್ಬ. 2018ರ ಆಗಸ್ಟಿನಲ್ಲಿ ಕೊಡಗು, 2021ರ ಜುಲೈಯಲ್ಲಿ ಯಲ್ಲಾಪುರ ತಾಲೂಕಿನ ಕಳಚೆ, 2024ರ ಜುಲೈ 30ರಂದು ವಯನಾಡು: ಸಹ್ಯಾದ್ರಿ ಮತ್ತೆ ಮತ್ತೆ ಜರಿದಿದೆ. ಪ್ರತಿ ಸ್ಥಳದ ಕಾರಣವೂ ಒಂದೇ ಅಲ್ಲ. ಆದರೆ ಬೆಟ್ಟವೆಂದರೆ ನಮ್ಮ ಅವಸರಕ್ಕೆ ಸದಾ ದಾರಿ ಬಿಡುವ ಜಡವಸ್ತು ಎಂಬ ಭಾವನೆ ತಪ್ಪೆಂಬುದನ್ನು ಅವು ಒಟ್ಟಾಗಿ ಹೇಳುತ್ತವೆ.

ಹಾಗಾದರೆ ಹೋಗದಿರುವುದೇ ಧರ್ಮವೇ? ಆಗಸ್ಟಿನಲ್ಲಿ ಮತ್ತೆ ಕೂಡಿದಾಗ ಕೆಲವರು ಹಾಗೆಯೇ ಹೇಳಿದರು. ಸತ್ತವರ ಮೇಲೆ ಗಾಡಿ ಓಡಿಸಿಕೊಂಡು ವಿಹಾರಕ್ಕೆ ಹೋಗುವುದು ಪಾಪವೆಂದರು. ಆ ತರುಣ ಒಪ್ಪಲಿಲ್ಲ. ನಾವು ಹೋಗದಿದ್ದರೆ ಗುಡ್ಡ ಗಟ್ಟಿಯಾಗುವುದಿಲ್ಲ. ಘಟ್ಟದ ದಾರಿಯ ಚಹಾದಂಗಡಿಯವನಿಗೆ ಗಿರಾಕಿ ಕಡಿಮೆಯಾಗುತ್ತಾನೆ, ಅಷ್ಟೇ ಎಂದ. ಅವನ ಮಾತಿನಲ್ಲಿ ಸತ್ಯವಿತ್ತು. ಸೌಂದರ್ಯ ದೇವರ ದಾನ. ಅದನ್ನು ತಿರಸ್ಕರಿಸುವುದು ವಿನಯವಲ್ಲ. ಬಯಲುನಾಡಿನ ಮಕ್ಕಳು ಒಮ್ಮೆಯಾದರೂ ಕಾಡನ್ನು ನೋಡದೆ ಬೆಳೆದರೆ ಕಾಡಿಗಾಗಿ ಮರುಗುವುದನ್ನು ಅವರು ಎಲ್ಲಿಂದ ಕಲಿತಾರು? ಹೋಗಬಾರದೆಂಬುದೂ ಉತ್ತರವಲ್ಲ, ಹೋಗಿ ಮರೆತುಬಿಡುವುದೂ ಉತ್ತರವಲ್ಲ. ಯಾವ ರೀತಿ ಹೋಗಬೇಕು ಎಂಬುದೇ ಪ್ರಶ್ನೆ.

ಇಟಲಿಯ ಕವಿ ಪೆಟ್ರಾರ್ಕ್ 1336ರ ಏಪ್ರಿಲ್ 26ರಂದು ಫ್ರಾನ್ಸಿನ ವೆಂಟೂ ಪರ್ವತವನ್ನು ತಮ್ಮನೊಡನೆ ಹತ್ತಿದ ವೃತ್ತಾಂತ ಪ್ರಸಿದ್ಧವಾದುದು. ನೋಡುವ ಆಸೆಗಾಗಿಯೇ ಬೆಟ್ಟ ಹತ್ತಿದ ಅವನು ಶಿಖರದಲ್ಲಿ ಸಂತ ಅಗಸ್ಟೀನರ ಆತ್ಮನಿವೇದನೆಯ ಗ್ರಂಥವನ್ನು ತೆರೆದ. ಬೆಟ್ಟ ಕಡಲುಗಳನ್ನು ಬೆರಗಿನಿಂದ ನೋಡುವ ಮನುಷ್ಯರು ತಮ್ಮ ಅಂತರಂಗವನ್ನು ಮರೆಯುತ್ತಾರೆ ಎಂಬ ಅರ್ಥದ ಮಾತು ಕಣ್ಣಿಗೆ ಬಿದ್ದು, ನಾಚಿ, ಮೌನವಾಗಿ ಕೆಳಗಿಳಿದ. ಧ್ಯಾನಕೂಟಗಳಲ್ಲಿ ನಾನು ಈ ಕಥೆಯನ್ನು ಹಲವು ಬಾರಿ ಹೇಳಿದ್ದೇನೆ. ಆದರೆ ಅದೇ ವೃತ್ತಾಂತದಲ್ಲಿ ಒಬ್ಬ ಮುದುಕ ಕುರುಬನಿದ್ದಾನೆ. ಐವತ್ತು ವರ್ಷಗಳ ಹಿಂದೆ ಅವನೂ ಆ ಶಿಖರ ಹತ್ತಿದ್ದವನು. ದಾರಿಯ ಕಷ್ಟವನ್ನು ಹೇಳಿ ಇವರನ್ನು ತಡೆಯಲು ನೋಡಿದ; ಕೇಳದಿದ್ದಾಗ ದಾರಿ ತೋರಿಸಿದ; ಇವರು ಬಿಟ್ಟುಹೋದ ಬಟ್ಟೆ ಸಾಮಾನುಗಳು ಅವನ ವಶದಲ್ಲಿದ್ದವು. ಕವಿ ಹೊರಗಿನ ಬೆಟ್ಟವನ್ನು ಕಂಡ, ಅನಂತರ ಒಳಗಿನ ಆತ್ಮವನ್ನು ಕಂಡ. ಬೆಟ್ಟ ಮತ್ತು ಆತ್ಮಗಳ ನಡುವೆ ನಿಂತಿದ್ದ ಆ ಕುರುಬನನ್ನು ಕಥೆ ಹೇಳುವ ನಾನು ಇಷ್ಟು ವರ್ಷ ಬಿಟ್ಟೇ ಹೇಳುತ್ತಿದ್ದೆ. ಶಿರೂರಿನ ತಾಯಿಯ ಮಾತು ಕೇಳಿದ ಮೇಲೆ ಅವನು ನೆನಪಾದ.

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಇಪ್ಪತ್ತು ವರ್ಷಗಳ ಹಿಂದೆ ಕರಾವಳಿಯಲ್ಲಿ ಗೆಳೆಯರೊಬ್ಬರ ಗುರುದೀಕ್ಷೆಗೆಂದು ಜೀಪು ಓಡಿಸಿಕೊಂಡು ಘಟ್ಟ ಇಳಿಯುತ್ತಿದ್ದೆ. ಮಳೆ ಹೊಯ್ಯುತ್ತಿತ್ತು. ಒಂದು ತಿರುವಿನಲ್ಲಿ ಲಾರಿಯೊಂದು ಕೆಟ್ಟು ನಿಂತಿತ್ತು. ಚಾಲಕ ತಲೆಯ ಮೇಲೆ ಗೋಣಿಚೀಲ ಹಾಕಿಕೊಂಡು ಕೈ ಬೀಸಿದ. ಹೊತ್ತಾಗಿತ್ತು. ಹಿಂದೆ ಬರುವವರು ಯಾರಾದರೂ ನಿಲ್ಲಿಸಿಯಾರೆಂದು ನನಗೆ ನಾನೇ ಹೇಳಿಕೊಂಡು ಮುಂದೆ ಸಾಗಿದೆ. ಅವನಿಗೆ ಏನು ಬೇಕಾಗಿತ್ತೋ ಇಂದಿಗೂ ತಿಳಿಯದು. ಸಮಯಕ್ಕೆ ಸರಿಯಾಗಿ ತಲುಪಿ ಬಲಿಪೂಜೆಯಲ್ಲಿ ನಿಂತೆ. ಘಟ್ಟ ಬಹಳ ಸುಂದರವಾಗಿತ್ತು ಎಂದು ಊಟದ ಹೊತ್ತಿನಲ್ಲಿ ಎಲ್ಲರಿಗೂ ಬಣ್ಣಿಸಿದ್ದು ಕೂಡ ನೆನಪಿದೆ.

ಪ್ರಭು ಯೇಸು ಹೇಳಿದ ಒಂದು ಸಾಮತಿ ನಡೆಯುವುದು ಇಂಥದೇ ದಾರಿಯಲ್ಲಿ. ಜೆರುಸಲೇಮಿನಿಂದ ಜೆರಿಕೋಗೆ ಹೋಗುವ ಹಾದಿ ಎರಡು ನಗರಗಳ ನಡುವಣ ಬೆಟ್ಟದ ಹಾದಿ. ಒಂದು ನಗರ ಸಮುದ್ರಮಟ್ಟಕ್ಕಿಂತ 700 ಮೀಟರಿಗೂ ಎತ್ತರದಲ್ಲಿದೆ, ಇನ್ನೊಂದು ಸಮುದ್ರಮಟ್ಟಕ್ಕಿಂತ 200 ಮೀಟರಿಗೂ ಕೆಳಗಿದೆ. ಒಂದು ಹಗಲಿನ ನಡಿಗೆಯಲ್ಲಿ ಇಳಿದು ಮುಗಿಯುವ ಘಟ್ಟ ಅದು. ಅಲ್ಲಿ ಗಾಯಗೊಂಡು ಬಿದ್ದವನನ್ನು ಕಂಡೂ ದಾಟಿಹೋದ ಯಾಜಕನನ್ನೂ ಲೇವಿಯನನ್ನೂ ನಾವು ಕಲ್ಲೆದೆಯವರೆಂದು ಹಳಿಯುತ್ತೇವೆ. ನನಗೆ ಅನಿಸುವುದು ಬೇರೆ. ಅವರಿಗೂ ಒಂದು ಯೋಜನೆ ಇದ್ದಿರಬೇಕು. ಎಲ್ಲಿಂದ ಎಲ್ಲಿಗೆ, ಎಷ್ಟು ಹೊತ್ತಿಗೆ ಎಂಬ ಲೆಕ್ಕವಿದ್ದಿರಬೇಕು. ನಡುವಿನ ಹಾದಿ ಅವರಿಗೆ ಬರಿಯ ದೂರವಾಗಿತ್ತು. ಸಮಾರಿತನೂ ಪ್ರಯಾಣಿಕನೇ, ಅವನಿಗೂ ಕೆಲಸವಿತ್ತು; ಗಾಯಾಳುವನ್ನು ಛತ್ರಕ್ಕೆ ಸೇರಿಸಿ ಮರುದಿನ ಮುಂದೆ ಹೋದನಲ್ಲವೇ? ಆದರೆ ಅವನ ಲೆಕ್ಕದಲ್ಲಿ ನಿಲ್ಲುವುದಕ್ಕೂ ಎಡೆಯಿತ್ತು. ಇನ್ನು ಆ ಛತ್ರದವನು! ದಾರಿಯ ಮಗ್ಗುಲಿಗೆ ಇದ್ದು, ಬಂದವರಿಗೆ ಬಾಗಿಲು ತೆರೆದು ಬದುಕುವ ಅವನಿಲ್ಲದಿದ್ದರೆ ಸಮಾರಿತನ ಕರುಣೆಗೂ ಇಳಿದಾಣವಿರುತ್ತಿರಲಿಲ್ಲ. ಗಂಗಾವಳಿಯ ದಂಡೆಯ ಆ ಚಹಾದಂಗಡಿಯವರು ಅವನ ಕುಲದವರು.

ನಾವು ಹೊರಟದ್ದು ಡಿಸೆಂಬರಿನಲ್ಲಿ. ಯೋಜನೆ ಈ ಬಾರಿ ಬೇರೆಯಾಗಿತ್ತು. ಮಳೆಗಾಲ ಮುಗಿದ ಮೇಲೆ, ಹಗಲಲ್ಲೇ ಘಟ್ಟ, ಒಂದು ದಿನದ ದಾರಿಗೆ ಎರಡು ದಿನ, ಆ ತಾಯಿಯೂ ನಮ್ಮೊಡನೆ. ಕೊಣ್ಣೂರಿನ ಬಳಿ ಮಲಪ್ರಭೆಯನ್ನು ದಾಟಿ, ನರಗುಂದ, ನವಲಗುಂದ, ಹುಬ್ಬಳ್ಳಿಗಳ ಮೇಲೆ ಯಲ್ಲಾಪುರಕ್ಕೆ ಬಂದು, ಅರಬೈಲ್ ಘಟ್ಟದಲ್ಲಿ ಸಾಲಾಗಿ ಏರುವ ಲಾರಿಗಳಿಗೆ ದಾರಿ ಬಿಡುತ್ತಾ ಇಳಿದೆವು. ಆಕೆ ಕಾಡನ್ನು ನೋಡಲಿಲ್ಲ. ಪ್ರತಿಯೊಂದು ಲಾರಿಯ ಚಾಲಕನ ಮುಖವನ್ನು ನೋಡುತ್ತಿದ್ದಳು. ಸ್ವಲ್ಪ ಹೊತ್ತಿನಲ್ಲಿ ಗಾಡಿಯಲ್ಲಿದ್ದ ಮಕ್ಕಳೂ ಹಾಗೆಯೇ ನೋಡಲಾರಂಭಿಸಿ, ಎದುರು ಬಂದವರಿಗೆಲ್ಲ ಕೈ ಬೀಸಿದರು. ಕೆಲವರು ನಕ್ಕು ಕೈಯೆತ್ತಿದರು.

ಆ ಶಿರೂರಿನಲ್ಲಿ ಗುಡ್ಡದ ಹಸಿರು ಮೈ ಸೀಳಿ ಕೆಂಪು ಮಣ್ಣು ಕಾಣುತ್ತಿತ್ತು. ಕೆಳಗೆ ಗಂಗಾವಳಿ ಏನೂ ಆಗಿಲ್ಲವೆಂಬಂತೆ ಹರಿಯುತ್ತಿತ್ತು. ಯಾರೂ ಫೋಟೋ ತೆಗೆಯಲಿಲ್ಲ. ಬೇಡವೆಂದು ಯಾರೂ ಹೇಳಿರಲೂ ಇಲ್ಲ. ನಾಲ್ಕು ನಿಮಿಷ ನಿಂತು ಮೃತರಿಗಾಗಿ ಪ್ರಾರ್ಥಿಸಿ, ಮುಂದಿನ ಒಂದು ಸಣ್ಣ ಅಂಗಡಿಯಲ್ಲಿ ಚಹಾ ಕುಡಿದೆವು. ದುಡ್ಡು ಕೊಡುವಾಗ ಆ ತಾಯಿ ಅಂಗಡಿಯಾಕೆಯ ಕೈಯನ್ನು ತುಸು ಹೊತ್ತು ಹಿಡಿದುಕೊಂಡಿದ್ದಳು. ಮರುದಿನ ಹಳೆಗೋವೆಯ ಸೆ ಕಥೆಡ್ರಲಿನಲ್ಲಿ ಸಾವಿರಾರು ಜನರ ಸಾಲಿನಲ್ಲಿ ನಿಂತು ಸಂತರ ದರ್ಶನ ಪಡೆದೆವು. 1552ರಲ್ಲಿ ಚೀನಾದ ಹೊಸ್ತಿಲಲ್ಲಿ, ತಾನು ಹೋಗಬೇಕೆಂದ ಊರನ್ನು ತಲುಪದೆಯೇ ತೀರಿಕೊಂಡ ಯಾತ್ರಿಕ ಅವರು. ಯೋಜನೆ ಮುರಿದುಬಿದ್ದ ಮಾತ್ರಕ್ಕೆ ಯಾತ್ರೆ ವ್ಯರ್ಥವಾಗುವುದಿಲ್ಲ ಎಂಬುದಕ್ಕೆ ಅವರ ಬಾಳೇ ಸಾಕ್ಷಿ.

ಹಿಂದಿರುಗುವಾಗ ಚೋರ್ಲಾ ಘಟ್ಟವನ್ನೇರಿ ಕಣಕುಂಬಿಯಲ್ಲಿ ನಿಂತೆವು. ಅಲ್ಲಿ ಮಲಪ್ರಭೆ ಹುಟ್ಟುತ್ತದೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಆ ನೆಲದಲ್ಲಿ ಒಂದು ಹನಿ ಪಶ್ಚಿಮಕ್ಕೆ ಜಾರಿದರೆ ಗೋವೆಯ ಕಡಲು ಹತ್ತಿರ. ಪೂರ್ವಕ್ಕೆ ಜಾರಿದರೆ ಸುಮಾರು 300 ಕಿಲೋಮೀಟರ್ ನಡೆದು, ನವಿಲುತೀರ್ಥದ ಅಣೆಕಟ್ಟನ್ನು ದಾಟಿ, ಪಟ್ಟದಕಲ್ಲು, ಐಹೊಳೆಗಳ ಮಗ್ಗುಲಲ್ಲಿ ಹರಿದು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಆ ತಾಯಿಯ ತವರು ಹುನಗುಂದ ತಾಲೂಕಿನಲ್ಲಿ, ಇದೇ ನದಿಯ ದಂಡೆಯ ಮೇಲೆ. 2019ರ ಆಗಸ್ಟಿನಲ್ಲಿ ಪಟ್ಟದಕಲ್ಲಿನ ಗುಡಿಗಳೂ ನೀರಿನಲ್ಲಿ ನಿಂತ ಆ ಪ್ರವಾಹದಲ್ಲಿ ಆಕೆಯ ಅಣ್ಣನ ಮನೆ ಮುಳುಗಿತ್ತು. ಸಣ್ಣ ನೀರನ್ನು ಬಹಳ ಹೊತ್ತು ನೋಡಿ ಆಕೆ ಕೇಳಿದಳು: "ಇಷ್ಟ ನೀರು ನಮ್ಮ ಮನಿ ಮುಣಗಿಸಿತ್ತೇನ್ರೀ ಫಾದರ್?"

ಬೆಟ್ಟವನ್ನು ನೋಡಲು ಹೊರಟ ನಾವು ಅಪರಿಚಿತರಲ್ಲ ಎಂಬುದು ಆಗ ತಿಳಿಯಿತು. ನಮ್ಮ ಜಿಲ್ಲೆಯ ಮೂರು ನದಿಗಳು, ಕೃಷ್ಣೆ, ಘಟಪ್ರಭೆ, ಮಲಪ್ರಭೆ, ಮೂರೂ ಸಹ್ಯಾದ್ರಿಯ ಮಕ್ಕಳು. ಘಟ್ಟಕ್ಕೆ ಕಾಲಿಡದ ನಮ್ಮ ಅಜ್ಜಂದಿರೂ ಘಟ್ಟದ ನೀರನ್ನೇ ಕುಡಿದಿದ್ದರು. ಕಣಕುಂಬಿಯ ಸಮೀಪದ ಕಳಸಾ ಹಳ್ಳದ ನೀರಿಗಾಗಿ ಎರಡು ರಾಜ್ಯಗಳು ಬಹುಕಾಲದಿಂದ ವಾದಿಸುತ್ತಿವೆ. 2018ರ ಆಗಸ್ಟ್ 14ರಂದು ಮಹದಾಯಿ ನ್ಯಾಯಮಂಡಳಿ ಕಳಸಾ, ಬಂಡೂರಿ ಹಳ್ಳಗಳಿಂದ ಮಲಪ್ರಭೆಗೆ 3.9 ಟಿಎಂಸಿ ನೀರನ್ನು ಹಂಚಿತು. ನೀರು ಯಾರದು ಎಂಬ ವಾದ ನಮಗೆ ಗೊತ್ತು. ಆದರೆ ಅಲ್ಲಿಯ ಭೀಮಗಡ ಅರಣ್ಯದೊಳಗಿನ ಗವಾಳಿ, ಆಮಗಾಂವಗಳಂಥ ಹಳ್ಳಿಗಳಲ್ಲಿ ಮಳೆಗಾಲದಲ್ಲಿ ಹಳ್ಳಗಳು ಉಕ್ಕಿದಾಗ ರೋಗಿಗಳನ್ನು ಹೊತ್ತು ತರಬೇಕಾಗುತ್ತದೆ ಎಂಬುದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ನಾವು ನಾಲ್ಕು ಪಥದ ರಸ್ತೆ ಕೇಳುತ್ತೇವೆ. ನಮ್ಮ ನದಿಯ ತವರಿನವರಿಗೆ ಒಂದು ಕಾಲುಸೇತುವೆಯೂ ದೊಡ್ಡದು.

ಪ್ರಿಯ ಕುಟುಂಬಗಳೇ, ರಜೆ ಬಂದಾಗ ನೀವೂ ಘಟ್ಟ ದಾಟುವಿರಿ, ಸಂತೋಷದಿಂದ ದಾಟಿರಿ. ಆದರೆ ಯೋಜನೆ ಹಾಕುವ ಸಂಜೆ, ಎಷ್ಟು ಕಿಲೋಮೀಟರ್, ಎಷ್ಟು ಗಂಟೆ, ಯಾವ ಜಲಪಾತ ಎಂಬುದರ ಜೊತೆಗೆ ಇನ್ನೂ ಕೆಲವು ಪ್ರಶ್ನೆಗಳನ್ನು ಮನೆಮಂದಿಯೆಲ್ಲ ಕೇಳಿಕೊಳ್ಳಿರಿ. ಆ ದಾರಿಯಲ್ಲಿ ವಾಸಿಸುವವರು ಯಾರು? ಈ ತಿಂಗಳು ಅವರಿಗೆ ಎಂಥ ತಿಂಗಳು? ದಾರಿಯಲ್ಲಿ ಕೈ ಬೀಸಿದವನಿಗಾಗಿ ನಿಲ್ಲಲು ನಮ್ಮ ಲೆಕ್ಕದಲ್ಲಿ ಹೊತ್ತಿದೆಯೇ? ಕಟ್ಟಿಕೊಂಡು ಹೋದ ಬುತ್ತಿಯ ಪ್ಲಾಸ್ಟಿಕ್ ಯಾರ ಅಂಗಳದಲ್ಲಿ ಬೀಳುತ್ತದೆ? ಇವು ಪ್ರಯಾಣದ ಸಂತೋಷವನ್ನು ಕುಂದಿಸುವ ಪ್ರಶ್ನೆಗಳಲ್ಲ. ಮತ್ತೊಬ್ಬರ ಮನೆಗೆ ಹೋಗುವಾಗ ಕೇಳಿಕೊಳ್ಳುವ ಸಾಮಾನ್ಯ ಮರ್ಯಾದೆಯ ಪ್ರಶ್ನೆಗಳು.

ಆ ತರುಣ ಈಗಲೂ ಮಳೆಗಾಲದ ಘಟ್ಟವೇ ಚಂದವೆಂದು ವಾದಿಸುತ್ತಾನೆ. ಇರಬಹುದು. ಆದರೆ ಮೊನ್ನೆ ಮಳೆ ಜೋರಾದ ಒಂದು ರಾತ್ರಿ, ಆ ತಾಯಿಯ ಮಗ ಘಟ್ಟದ ಮೇಲಿದ್ದಾನೆಂದು ತಿಳಿದು, ಅವನ ಲಾರಿ ಎಲ್ಲಿಗೆ ಬಂತೆಂದು ಮೂರು ಸಲ ಫೋನು ಮಾಡಿ ವಿಚಾರಿಸಿದವನು ಅವನೇ.